ಹಾಡು ಹತ್ತಿರ, ಪ್ಲೇಟು ದೂರ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು; ಅದೇ ದಿನ ಆಂಧ್ರ ಪ್ರದೇಶವೂ ಉದಯವಾಯಿತು. ಅವಳಿಗಳಂತೆ ಒಂದೇ ದಿನ ರೂಪುಗೊಂಡ ಈ ರಾಜ್ಯಗಳಲ್ಲಿ ಒಂದನ್ನು ತವರೆಂದೂ ಇನ್ನೊಂದನ್ನು ಮನೆಯೆಂದೂ ತಿಳಿದು ಬಾಳುತ್ತಿರುವವರು ನಾವು. ವಿಶಾಖಪಟ್ಟಣ, ವಿಜಯವಾಡಗಳ ಕನ್ನಡ ಮನೆಗಳಿಗೆ ತಾಯ್ನುಡಿಯ ಹಾಡು ಯಾವ ದಾರಿಯಿಂದ ಬಂದಿತೆಂಬುದು ನಮ್ಮ ಮಕ್ಕಳು ಅರಿಯತಕ್ಕ ವಿಷಯ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕು ಇರಲಿಲ್ಲ. ಕಹಳೆಯಂಥ ಕೊಳವೆಯೊಳಕ್ಕೆ ಕಂಠವೆತ್ತಿ ಹಾಡಬೇಕಾಗಿತ್ತು. ಆ ಮುದ್ರಣ ಜರ್ಮನಿಯ ಹ್ಯಾನೋವರಿಗೆ ಹಡಗೇರಿ ಹೋಗಿ, ಪ್ಲೇಟಾಗಿ ಮರಳಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ಆರಂಭವಾಯಿತು. ಅರಗು ಬೆರೆತ ಆ 10 ಅಂಗುಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು; ಒಂದು ಮಗ್ಗುಲಿಗೆ ಸುಮಾರು 3 ನಿಮಿಷ ಮಾತ್ರ ಹಾಡು. ಗಂಟೆಗಟ್ಟಲೆ ರಾಗ ವಿಸ್ತರಿಸಬಲ್ಲ ವಿದ್ವಾಂಸರೂ ಅಷ್ಟರಲ್ಲಿಯೇ ಮುಗಿಸಬೇಕು. ಕಚೇರಿಯ ಮುಖವನ್ನೇ ಕಾಣದ ಕೇಳುಗನಿಗೆ ಆ ಮೂರು ನಿಮಿಷವೇ ಸಂಗೀತವೆನಿಸಿತು. 1925ರಿಂದೀಚೆಗೆ ಮೈಕಿನ ಮುದ್ರಣ ಬಂದು ಮೆಲುದನಿಗೂ ಅವಕಾಶ ದೊರೆಯಿತು. ಭಾವಗೀತೆಯ ಮೃದುತ್ವ ನಮ್ಮ ಕಿವಿಗೆ ಮುಟ್ಟಿದ್ದು ಈ ಯಂತ್ರದ ಉಪಕಾರದಿಂದಲೇ.

ಮುದ್ರಣವಾದರೆ ಸಾಲದು, ಅಂಗಡಿಗೂ ಬರಬೇಕಷ್ಟೆ. 1931ರಲ್ಲಿ ಗ್ರಾಮಫೋನ್ ಕಂಪನಿಯೂ ಕೊಲಂಬಿಯಾವೂ ಲಂಡನ್ನಿನಲ್ಲಿ ಒಂದಾದ ಮೇಲೆ, ನಾಯಿಯ ಗುರುತಿನ ಪ್ಲೇಟು ಕೊಂಡರೂ ಕೊಲಂಬಿಯಾ ಪ್ಲೇಟು ಕೊಂಡರೂ ಯಜಮಾನ ಒಬ್ಬನೇ. ಇನ್ನು ಊರಿನ ವ್ಯಾಪಾರಿ ತನ್ನಲ್ಲಿ ಖರ್ಚಾಗುವ ಭಾಷೆಯ ಪ್ಲೇಟನ್ನೇ ತರಿಸುವನು. ಅದು ಅವನ ತಪ್ಪಲ್ಲ. ಮಾರದೆ ಉಳಿದ ಪ್ಲೇಟು ಅವನ ತಲೆಯ ಮೇಲೆಯೇ.

ಇದರಲ್ಲೊಂದು ವಿಚಿತ್ರವುಂಟು. ಕನ್ನಡ ಚಿತ್ರಗೀತೆಗಳಿಗೆ ಜೀವ ತುಂಬಿದ ಪಿ. ಬಿ. ಶ್ರೀನಿವಾಸರು ಕಾಕಿನಾಡದಲ್ಲಿ ಹುಟ್ಟಿದವರು. ಪಿ. ಸುಶೀಲರದು ವಿಶಾಖಪಟ್ಟಣದ ನೆರೆಯ ವಿಜಯನಗರಂ. ಎಸ್. ಜಾನಕಿಯವರು ಗುಂಟೂರು ಜಿಲ್ಲೆಯವರು. ಬಾಲಮುರಳೀಕೃಷ್ಣರಂತೂ ವಿಜಯವಾಡದ ಆಕಾಶವಾಣಿಯಲ್ಲಿ ದುಡಿದು, ಅಲ್ಲಿನ ಸಂಗೀತ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದವರು. 1966ರ ‘ಸಂಧ್ಯಾರಾಗ’ದಲ್ಲಿ ಹಾಡಿದರು. ನಮ್ಮ ತಾಯಿ ಆ ಪ್ಲೇಟು ಕೇಳಲು ಹೋದಾಗ ಅಂಗಡಿಯವರು, “ಕನ್ನಡದ್ದಾ ಅಮ್ಮಾ? ಬರೆದು ತರಿಸಬೇಕು” ಎಂದರು. ತಿಂಗಳು ಎರಡಾದರೂ ಬರಲಿಲ್ಲ. ಕೊನೆಗೆ ಸೋದರಮಾವ ಬೆಂಗಳೂರಿನಿಂದ ಪಂಚೆಯ ಮಡಿಕೆಯಲ್ಲಿ ಸುತ್ತಿ ತಂದರು. ನಮ್ಮೂರಿನ ಕಂಠ ನಮ್ಮ ಭಾಷೆಯಲ್ಲಿ ಮನೆಗೆ ಬರಲು ಎರಡು ದಿನ ರೈಲಿನಲ್ಲಿ ಸುತ್ತಬೇಕಾಯಿತು!

ಬಾನುಲಿಯೊಂದು ಆಸರೆಯಾಗಿತ್ತು. ವಿಜಯವಾಡ ನಿಲಯ 1948ರಲ್ಲಿಯೂ ವಿಶಾಖಪಟ್ಟಣ ನಿಲಯ 1963ರಲ್ಲಿಯೂ ಆರಂಭವಾದವು, ಅವು ತೆಲುಗಿನವು. ಬೆಂಗಳೂರು ನಿಲಯ 1955ರದು. ಮಧ್ಯಮ ತರಂಗ ರಾತ್ರಿ ಹೆಚ್ಚು ದೂರ ಹರಿಯುವುದರಿಂದ, ಊಟವಾದ ಮೇಲೆ ತಂದೆಯವರು ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕನ್ನಡವನ್ನು ಹುಡುಕುತ್ತಿದ್ದರು. ದನಿ ಏರಿ, ಇಳಿದು, ಗೊರಗೊರದಲ್ಲಿ ಮುಳುಗುವುದು. ಆದರೂ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು.

ಕ್ಯಾಸೆಟ್ಟು ಬಂದು ಈ ಬಾಗಿಲು ತೆರೆಯಿತು. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕಟ್ಟಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಒಂದು ಮನೆಗೆ ಬಂದ ಕ್ಯಾಸೆಟ್ಟು ಹತ್ತು ಮನೆಗಳಲ್ಲಿ ನಕಲಾಯಿತು. ವ್ಯಾಪಾರಿಯ ಹಂಗು ತಪ್ಪಿತು ನಿಜ. ಆದರೆ ನಕಲಿನ ನಕಲಿನಲ್ಲಿ ಸುಯ್ಯೆಂಬ ಸದ್ದು ಬೆಳೆದು, ಹಾಡು ಮಂಕಾಯಿತು. ಹೊದಿಕೆಯಿಲ್ಲದ ನಕಲಿನಲ್ಲಿ ಕವಿಯ ಹೆಸರೂ ಉಳಿಯಲಿಲ್ಲ.

ಇಂದು ಫೋನಿನಲ್ಲಿ ಬೆರಳು ಸೋಕಿದರೆ ಸಾಕು, ಕನ್ನಡದ ಸಾವಿರಾರು ಹಾಡುಗಳು ಹರಿದು ಬರುತ್ತವೆ. ದೂರವಳಿದುದು ಸಂತೋಷವೇ. ಆದರೆ ಕಂಪನಿಯ ಪಟ್ಟಿಗೆ ಸೇರದ ಹಾಡು ಅಲ್ಲಿ ಇಲ್ಲವೇ ಇಲ್ಲ. ನಮ್ಮ ಅಜ್ಜಿಯರ ಸೋಬಾನೆ, ಹಸೆಗೆ ಕರೆವ ಹಾಡು, ನಮ್ಮ ಸಂಘದ ಹಳೆಯ ಸಮಾರಂಭಗಳ ಗಾಯನ, ಇವೆಲ್ಲ ಅಟ್ಟದ ಮೇಲಿನ ಕ್ಯಾಸೆಟ್ಟುಗಳಲ್ಲಿವೆ. ಕಡಲತೀರದ ತೇವಕ್ಕೆ ಆ ಸುರುಳಿಗಳು ಬೂಷ್ಟು ಹಿಡಿಯುತ್ತಿವೆ.

ಆದಕಾರಣ ಸೋದರ ಸೋದರಿಯರಲ್ಲಿ ಒಂದು ವಿನಂತಿ. ಅವನ್ನು ಕೆಳಗಿಳಿಸಿರಿ. ಕುಗ್ಗಿಸಿದ ಎಂಪಿ3 ಮಾಡುವ ಮೊದಲು ಕುಗ್ಗಿಸದ ಪೂರ್ಣ ಪ್ರತಿಯೊಂದನ್ನು ತೆಗೆಸಿರಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಬರೆದಿಡಿರಿ. ನಮ್ಮ ಹಿರಿಯರಿಗೆ ಹಾಡು ತರಿಸಿಕೊಳ್ಳುವುದೇ ಕಷ್ಟವಾಗಿತ್ತು. ಉಳಿಸಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿದೆ.