ಹಿಮವಾಹನದ ಹಲ್ಲುಚಕ್ರ ಅನುಪಾತ ಮತ್ತು ಚಾಲಕ ಬೆಲ್ಟ್

ಹಿಮವಾಹನ ಅಥವಾ ಸ್ನೋಮೊಬೈಲ್ ಎಂಬುದು ಮುಂಭಾಗದಲ್ಲಿ ಹಿಮಜಾರುಪಟ್ಟಿಗಳನ್ನೂ ಹಿಂಭಾಗದಲ್ಲಿ ರಬ್ಬರಿನ ಟ್ರ್ಯಾಕನ್ನೂ ಹೊಂದಿರುವ, ಹಿಮದ ಮೇಲೆ ಚಲಿಸುವ ಮೋಟಾರು ವಾಹನ. ಇದರ ಎಂಜಿನ್ನಿನ ಶಕ್ತಿಯು ರಬ್ಬರಿನ ಚಾಲಕ ಬೆಲ್ಟ್ ಮತ್ತು ಹಲ್ಲುಚಕ್ರಗಳ ಮೂಲಕ ಟ್ರ್ಯಾಕನ್ನು ತಲುಪುತ್ತದೆ. ಅಧಿಕ ಸಾಮರ್ಥ್ಯದ ವಾಹನಗಳಲ್ಲಿ ಇವೆರಡರ ಆಯ್ಕೆ ಪರಸ್ಪರ ಅವಲಂಬಿತವಾಗಿದೆ. ಅನುಪಾತ ತಪ್ಪಾದರೆ ಬೆಲ್ಟ್ ಬಿಸಿಯಾಗಿ ಹರಿಯುತ್ತದೆ. ಬೆಲ್ಟ್ ತಪ್ಪಾದರೆ ಸರಿಯಾದ ಅನುಪಾತದಿಂದಲೂ ಪ್ರಯೋಜನವಾಗುವುದಿಲ್ಲ. ಜನವಸತಿಯಿಂದ ದೂರದ ಹಿಮಪ್ರದೇಶದಲ್ಲಿ ಬೆಲ್ಟ್ ಹರಿದರೆ ಸವಾರನ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ಈ ಆಯ್ಕೆಯು ಕೇವಲ ವೇಗದ ಪ್ರಶ್ನೆಯಲ್ಲ.

ಹಿನ್ನೆಲೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ಟ್ ಊರಿನ ಜೋಸೆಫ್-ಅರ್ಮಾಂಡ್ ಬಂಬಾರ್ಡಿಯರ್ (1907–1964) ಹಲ್ಲುಚಕ್ರದಿಂದ ಟ್ರ್ಯಾಕನ್ನು ಓಡಿಸುವ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ಪಡೆದರು. ಅವರ ಸಂಸ್ಥೆಯು 1959ರಲ್ಲಿ ಸ್ಕೀ-ಡೂ ಎಂಬ ಹಗುರ ಹಿಮವಾಹನವನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಮಿನೆಸೋಟಾ ರಾಜ್ಯದ ಪೊಲಾರಿಸ್ ಮತ್ತು ಆರ್ಕ್ಟಿಕ್ ಕ್ಯಾಟ್ ಈ ಕ್ಷೇತ್ರದ ಇತರ ಪ್ರಮುಖ ಹೆಸರುಗಳು. ವಿಸ್ಕಾನ್ಸಿನ್ ರಾಜ್ಯದ ಈಗಲ್ ರಿವರ್‌ನಲ್ಲಿ 1964ರಲ್ಲಿ ಆರಂಭವಾದ ಓಟದ ಸ್ಪರ್ಧೆ ಇಂದು ವಿಶ್ವ ಚಾಂಪಿಯನ್‌ಶಿಪ್ ಎಂದು ಪ್ರಸಿದ್ಧವಾಗಿದೆ.

ರಚನೆ ಮತ್ತು ಕಾರ್ಯವಿಧಾನ

ಹಿಮವಾಹನದಲ್ಲಿ ಕಾರಿನಲ್ಲಿರುವಂತೆ ಒಂದು, ಎರಡು, ಮೂರು ಎಂಬ ಗೇರುಗಳಿಲ್ಲ. ಅನುಪಾತವು ಎಡೆಬಿಡದೆ ತಾನಾಗಿಯೇ ಬದಲಾಗುತ್ತದೆ. ಭಾರತದ ರಸ್ತೆಗಳಲ್ಲಿ ಕಾಣುವ ಗೇರಿಲ್ಲದ ಸ್ಕೂಟರುಗಳಲ್ಲಿರುವುದೂ ಇದೇ ತತ್ತ್ವ.

ಎಂಜಿನ್ನಿನ ದಂಡಕ್ಕೆ ಜೋಡಿಸಿದ ಮೊದಲ ಕ್ಲಚ್‌ನಲ್ಲಿ ಶಂಕುವಿನಾಕಾರದ ಎರಡು ತಟ್ಟೆಗಳು, ಒಂದು ಸ್ಪ್ರಿಂಗ್ ಮತ್ತು ಕೆಲವು ತೂಕದ ತುಣುಕುಗಳು ಇರುತ್ತವೆ. ಎಂಜಿನ್ ವೇಗವಾಗಿ ತಿರುಗಿದಾಗ ಕೇಂದ್ರಾಪಗಾಮಿ ಬಲದಿಂದ ತೂಕಗಳು ಹೊರಕ್ಕೆ ಚಾಚಿ ತಟ್ಟೆಗಳನ್ನು ಒತ್ತುತ್ತವೆ. ನಡುವಿನ ಬೆಲ್ಟ್ ಮೇಲಕ್ಕೇರುತ್ತದೆ. ಅದೇ ಹೊತ್ತಿಗೆ ಎರಡನೆಯ ಕ್ಲಚ್‌ನ ತಟ್ಟೆಗಳು ಅಗಲಗೊಂಡು ಬೆಲ್ಟ್ ಅಲ್ಲಿ ಒಳಕ್ಕಿಳಿಯುತ್ತದೆ. ಎರಡನೆಯ ಕ್ಲಚ್‌ನಲ್ಲಿರುವ ಓರೆಗಾಲುವೆಯ ಕ್ಯಾಮ್, ಟ್ರ್ಯಾಕ್‌ನ ಮೇಲೆ ಭಾರ ಹೆಚ್ಚಾದಾಗ ಬೆಲ್ಟನ್ನು ಮತ್ತೆ ಬಿಗಿಯಾಗಿ ಹಿಡಿದು ಅನುಪಾತವನ್ನು ಏರಿಸುತ್ತದೆ.

ಎರಡನೆಯ ಕ್ಲಚ್‌ನಿಂದ ಹೊರಟ ಶಕ್ತಿಯು ಚೈನ್ ಕೇಸ್ ಎಂಬ ಎಣ್ಣೆ ತುಂಬಿದ ಪೆಟ್ಟಿಗೆಯನ್ನು ಸೇರುತ್ತದೆ. ಅದರೊಳಗೆ ಮೇಲೊಂದು ಚಿಕ್ಕ ಹಲ್ಲುಚಕ್ರ, ಕೆಳಗೊಂದು ದೊಡ್ಡ ಹಲ್ಲುಚಕ್ರ, ನಡುವೆ ಸರಪಳಿ ಇರುತ್ತವೆ. ಕೆಳಗಿನ ಚಕ್ರವು ಟ್ರ್ಯಾಕ್ ಓಡಿಸುವ ದಂಡವನ್ನು ತಿರುಗಿಸುತ್ತದೆ. ಕೆಲವು ಮಾದರಿಗಳಲ್ಲಿ ತೂಕ ಇಳಿಸಲು ಸರಪಳಿಯ ಬದಲು ಹಲ್ಲುಳ್ಳ ಬೆಲ್ಟನ್ನು ಬಳಸಲಾಗಿದೆ.

ಅನುಪಾತದ ಲೆಕ್ಕ

ಕೆಳಗಿನ ಚಕ್ರದ ಹಲ್ಲುಗಳ ಸಂಖ್ಯೆಯನ್ನು ಮೇಲಿನ ಚಕ್ರದ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಶಕ್ತಿ ಹೆಚ್ಚು, ಗರಿಷ್ಠ ವೇಗ ಕಡಿಮೆ.

ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದೆ, ಕ್ಲಚ್‌ಗಳ ಅನುಪಾತ 1:1 ಇದೆ, ಟ್ರ್ಯಾಕ್ ಓಡಿಸುವ ಚಕ್ರಕ್ಕೆ 2.86 ಅಂಗುಲ ಅಂತರದ 8 ಹಲ್ಲುಗಳಿವೆ ಎಂದುಕೊಳ್ಳೋಣ. ಆ ಚಕ್ರದ ಒಂದು ಸುತ್ತಿಗೆ ಟ್ರ್ಯಾಕ್ 22.88 ಅಂಗುಲ, ಅಂದರೆ ಸುಮಾರು 0.58 ಮೀಟರ್ ಮುಂದೆ ಸರಿಯುತ್ತದೆ. ಆಗ ಟ್ರ್ಯಾಕ್‌ನ ವೇಗ ಹೀಗಿರುತ್ತದೆ:

- ಮೇಲೆ 24, ಕೆಳಗೆ 40 ಹಲ್ಲು: ಅನುಪಾತ 1.67, ಗಂಟೆಗೆ ಸುಮಾರು 167 ಕಿ.ಮೀ.
- ಮೇಲೆ 21, ಕೆಳಗೆ 45 ಹಲ್ಲು: ಅನುಪಾತ 2.14, ಗಂಟೆಗೆ ಸುಮಾರು 130 ಕಿ.ಮೀ.
- ಮೇಲೆ 19, ಕೆಳಗೆ 49 ಹಲ್ಲು: ಅನುಪಾತ 2.58, ಗಂಟೆಗೆ ಸುಮಾರು 108 ಕಿ.ಮೀ.

ಇದು ಲೆಕ್ಕದ ವೇಗ. ಟ್ರ್ಯಾಕ್ ಹಿಮದಲ್ಲಿ ಜಾರುವುದರಿಂದ ವಾಹನದ ನೈಜ ವೇಗ ಇದಕ್ಕಿಂತ ಕಡಿಮೆ ಇರುತ್ತದೆ. ಮೇಲಿನ ಚಕ್ರದಲ್ಲಿ ಒಂದು ಹಲ್ಲು ಬದಲಾದರೆ ಆಗುವ ವ್ಯತ್ಯಾಸವು ಕೆಳಗಿನ ಚಕ್ರದಲ್ಲಿ ಸುಮಾರು ಎರಡು ಹಲ್ಲು ಬದಲಾದುದಕ್ಕೆ ಸಮ. ಎರಡೂ ಚಕ್ರಗಳ ಹಲ್ಲುಗಳ ಮೊತ್ತ ಹೆಚ್ಚು ಬದಲಾದರೆ ಸರಪಳಿಯ ಉದ್ದವನ್ನೂ ಬದಲಿಸಬೇಕಾಗುತ್ತದೆ.

ಉದ್ದೇಶಕ್ಕೆ ತಕ್ಕ ಆಯ್ಕೆ

ಸ್ಪೀಡೋಮೀಟರಿನಲ್ಲಿ ಕಾಣಬಯಸುವ ಗರಿಷ್ಠ ವೇಗಕ್ಕೆ ತಕ್ಕಂತೆ ಅನುಪಾತವನ್ನು ಆರಿಸುವುದು ಸಾಮಾನ್ಯ ತಪ್ಪು. ಸವಾರನು ಹೆಚ್ಚಿನ ಸಮಯ ಯಾವ ವೇಗದಲ್ಲಿ ಸಾಗುತ್ತಾನೋ ಆ ವೇಗದ ಆಸುಪಾಸಿನಲ್ಲಿ ಕ್ಲಚ್‌ಗಳು 1:1 ಸ್ಥಿತಿಯ ಸಮೀಪಕ್ಕೆ ಬರುವಂತಿರಬೇಕು. ಬೆಲ್ಟ್ ಅತ್ಯಂತ ಕಡಿಮೆ ನಷ್ಟದಿಂದ ಕೆಲಸ ಮಾಡುವುದು ಅಲ್ಲಿಯೇ.

ವೇಗಕ್ಕಾಗಿ ಅತಿಯಾಗಿ ಅನುಪಾತ ಇಳಿಸಿದರೆ ಮೊದಲ ಕ್ಲಚ್‌ನಲ್ಲಿ ಬೆಲ್ಟ್ ಒಳಗೇ ಉಳಿದು, ಕಿರಿದಾದ ಸುತ್ತಿನಲ್ಲಿ ಬಾಗುತ್ತ ಜಾರುತ್ತದೆ. ಆ ಘರ್ಷಣೆಯೇ ಶಾಖವಾಗುತ್ತದೆ. ಅನುಪಾತವನ್ನು ಅತಿಯಾಗಿ ಏರಿಸಿದರೆ ಕ್ಲಚ್ ಬೇಗನೆ ತನ್ನ ಕೊನೆ ಮುಟ್ಟಿ, ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ.

ಗಟ್ಟಿ ಹಿಮದ ಹಾದಿಗೆ ಮತ್ತು ಮಂಜುಗಟ್ಟಿದ ಸರೋವರಗಳ ನೇರ ಓಟಕ್ಕೆ ಕಡಿಮೆ ಅನುಪಾತ ಒಪ್ಪುತ್ತದೆ. ಆಳವಾದ ಸಡಿಲ ಹಿಮದ ಬೆಟ್ಟಗಳಿಗೆ ಉದ್ದನೆಯ ಟ್ರ್ಯಾಕ್ ಮತ್ತು ಹೆಚ್ಚಿನ ಅನುಪಾತ ಬೇಕು. ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಎತ್ತರದ ಪ್ರದೇಶದಲ್ಲಿ ಮೊದಲ ಕ್ಲಚ್‌ನ ತೂಕಗಳನ್ನೂ ಹಗುರಗೊಳಿಸಲಾಗುತ್ತದೆ.

ಚಾಲಕ ಬೆಲ್ಟ್

ಆಧುನಿಕ ಬೆಲ್ಟ್‌ಗಳನ್ನು ಕೃತಕ ರಬ್ಬರಿನಿಂದ ತಯಾರಿಸಿ, ಒಳಗೆ ಅರಾಮಿಡ್ ಅಥವಾ ಇಂಗಾಲದ ನೂಲಿನ ಎಳೆಗಳನ್ನು ಹುದುಗಿಸಲಾಗುತ್ತದೆ. ಎಳೆತವನ್ನು ಹೊರುವುದು ಈ ಎಳೆಗಳು. ತಟ್ಟೆಗಳನ್ನು ಹಿಡಿಯುವುದು ಬದಿಯ ರಬ್ಬರು. ಬೆಲ್ಟ್ ಆರಿಸುವಾಗ ನಾಲ್ಕು ಅಂಶಗಳನ್ನು ನೋಡಬೇಕು: ಹೊರಸುತ್ತಿನ ಉದ್ದ, ಮೇಲ್ಭಾಗದ ಅಗಲ, ಬದಿಯ ಕೋನ ಮತ್ತು ರಬ್ಬರಿನ ಗಡಸುತನ. ಗಡಸು ಬೆಲ್ಟ್ ಶಾಖವನ್ನು ಹೆಚ್ಚು ತಾಳುತ್ತದೆ; ಮೃದುವಾದದ್ದು ಚೆನ್ನಾಗಿ ಹಿಡಿದರೂ ಬೇಗ ಸವೆಯುತ್ತದೆ. ನೋಟಕ್ಕೆ ಒಂದೇ ತೆರನಾಗಿದ್ದರೂ ಬೇರೆ ಸಂಖ್ಯೆಯ ಬೆಲ್ಟ್ ಸೂಕ್ತವೆಂದು ಭಾವಿಸಬಾರದು. ತಯಾರಕರ ಕೈಪಿಡಿಯಲ್ಲಿನ ಸಂಖ್ಯೆಯಿಂದಲೇ ಆಯ್ಕೆ ಆರಂಭವಾಗಬೇಕು.

ಹೊಸ ಬೆಲ್ಟ್ ನಿಂತ ವಾಹನದ ಎರಡನೆಯ ಕ್ಲಚ್‌ನಲ್ಲಿ ತಟ್ಟೆಯ ಅಂಚಿಗೆ ಸಮವಾಗಿ ಅಥವಾ ಕೂದಲೆಳೆಯಷ್ಟು ಮೇಲೆ ಕೂರಬೇಕು. ಅತಿ ಬಿಗಿಯಾದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ವಾಹನ ತೆವಳತೊಡಗುತ್ತದೆ. ಸಡಿಲವಾದರೆ ಹೊರಡುವಾಗ ಮಂಕಾಗಿ ಎಳೆಯುತ್ತದೆ. ಮೊದಲ 50 ಕಿ.ಮೀ.ನಷ್ಟು ದೂರ ಪೂರ್ಣ ವೇಗವನ್ನು ತಪ್ಪಿಸಿ, ವೇಗವನ್ನು ಏರಿಳಿಸುತ್ತ ಓಡಿಸಿದರೆ ಬೆಲ್ಟ್ ಪಳಗುತ್ತದೆ.

ಹೊಂದಾಣಿಕೆಯ ಕ್ರಮ

ಮೊದಲು ಕ್ಲಚ್‌ಗಳ ನಡುವಿನ ಅಂತರ ಮತ್ತು ನೇರವನ್ನು ಪರೀಕ್ಷಿಸಿ, ತಟ್ಟೆಗಳನ್ನು ಶುಚಿಗೊಳಿಸಬೇಕು. ಬಳಿಕ ಹಲ್ಲುಚಕ್ರಗಳ ಅನುಪಾತವನ್ನು ನಿರ್ಧರಿಸಬೇಕು. ಆಮೇಲೆ, ಪೂರ್ಣ ವೇಗದಲ್ಲಿ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಸುತ್ತುಗಳಲ್ಲಿ ನಿಲ್ಲುವಂತೆ ಮೊದಲ ಕ್ಲಚ್‌ನ ತೂಕವನ್ನು ಸರಿಪಡಿಸಬೇಕು. ತೂಕ ಹೆಚ್ಚಿದರೆ ಸುತ್ತು ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಕೊನೆಗೆ ಎರಡನೆಯ ಕ್ಲಚ್‌ನ ಸ್ಪ್ರಿಂಗ್ ಮತ್ತು ಕ್ಯಾಮ್. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಇಲ್ಲವಾದರೆ ಯಾವ ಬದಲಾವಣೆಯಿಂದ ಯಾವ ಫಲ ಬಂದಿತೆಂದು ತಿಳಿಯುವುದಿಲ್ಲ.

ಸವೆತದ ಲಕ್ಷಣಗಳು

ಬದಿಗಳು ಗಾಜಿನಂತೆ ಹೊಳೆಯುವುದು ಜಾರುವಿಕೆಯ ಗುರುತು. ಒಂದೆರಡು ಕಡೆ ಮಾತ್ರ ಒಳಕ್ಕೆ ಸುಟ್ಟು ಸವೆದಿದ್ದರೆ, ಟ್ರ್ಯಾಕ್ ಹೆಪ್ಪುಗಟ್ಟಿ ನಿಂತಿದ್ದಾಗ ಒತ್ತಾಯದಿಂದ ಹೊರಡಿಸಿದ್ದಾರೆ ಎಂದರ್ಥ. ಒಂದೇ ಅಂಚಿನ ನೂಲು ಬಿಚ್ಚಿಕೊಂಡಿದ್ದರೆ ಕ್ಲಚ್‌ಗಳು ನೇರವಾಗಿಲ್ಲ. ಬೆಲ್ಟ್‌ನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅದರ ಆಯುಷ್ಯ ತೀವ್ರವಾಗಿ ಕುಗ್ಗುತ್ತದೆ. ಕಾರಣ ಹುಡುಕದೆ ಹೊಸ ಬೆಲ್ಟ್ ಹಾಕಿದರೆ ಅದೂ ಅದೇ ಗತಿಯನ್ನು ಕಾಣುತ್ತದೆ.

ಸುರಕ್ಷತೆ

ಓಡುವಾಗ ಹರಿದ ಬೆಲ್ಟ್‌ನ ತುಂಡುಗಳು ಅತಿ ವೇಗದಿಂದ ಸಿಡಿಯುತ್ತವೆ. ಆದ್ದರಿಂದ ಬೆಲ್ಟ್‌ನ ರಕ್ಷಾಕವಚ ತೆಗೆದು ಎಂಜಿನ್ ಚಾಲೂ ಮಾಡಬಾರದು. ಎಂಜಿನ್ ನಿಲ್ಲದೆ ಕೈ ಹಾಕಬಾರದು. ದೂರದ ಸವಾರಿಗೆ ಹೊರಡುವವರು ಒಮ್ಮೆ ಬಳಸಿ ಪಳಗಿಸಿದ ಹೆಚ್ಚುವರಿ ಬೆಲ್ಟನ್ನೂ ಅದನ್ನು ಬದಲಿಸುವ ಉಪಕರಣವನ್ನೂ ಒಯ್ಯಬೇಕು. ಬದಲಿಸುವ ಕ್ರಮವನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಕೊಂಡಿರುವುದು ಉಚಿತ, ಏಕೆಂದರೆ ಕೊರೆಯುವ ಚಳಿಯಲ್ಲಿ ಬೆರಳುಗಳು ಬೇಗನೆ ಮರಗಟ್ಟುತ್ತವೆ.

ಭಾರತದಲ್ಲಿ

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರ ಸವಾರಿಗೆ ಹಿಮವಾಹನಗಳು ಬಳಕೆಯಲ್ಲಿವೆ. ಸಿಯಾಚಿನ್ ಹಿಮನದಿಯಲ್ಲಿ ಭಾರತೀಯ ಸೇನೆಯು ಇವನ್ನು ಸ್ನೋ ಸ್ಕೂಟರ್ ಎಂಬ ಹೆಸರಿನಿಂದ ಉಪಯೋಗಿಸುತ್ತದೆ. ಗಾಳಿ ವಿರಳವಾದ ಅಂತಹ ಎತ್ತರದಲ್ಲಿ ಎಂಜಿನ್ನಿನ ಶಕ್ತಿ ಗಣನೀಯವಾಗಿ ತಗ್ಗುವುದರಿಂದ ಮೇಲೆ ವಿವರಿಸಿದ ಹೊಂದಾಣಿಕೆಗಳಿಗೆ ವಿಶೇಷ ಮಹತ್ವವಿದೆ.