ನಾದದ ಏರಿಳಿತಕ್ಕೆ ಅಂಕಿಗಳ ಲಿಪಿ

‘ಮಿಡಿ’ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಉಪ್ಪಿನಕಾಯಿಯ ಎಳೆ ಮಾವು. ಇಲ್ಲವೇ ವೀಣೆಯ ತಂತಿ ಮಿಡಿಯುವ ಬೆರಳು. ಧ್ವನಿಮುದ್ರಣ ಸ್ಟುಡಿಯೋಗಳ ‘ಮಿಡಿ’ ಬೇರೆಯೇ. ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಉದ್ದ ಹೆಸರಿನ ಮೊಟಕು ರೂಪವಿದು. ವಿದ್ಯುನ್ಮಾನ ವಾದ್ಯಗಳು ಪರಸ್ಪರ ಆಡುವ ಭಾಷೆ ಎನ್ನಬಹುದು. ಈ ಭಾಷೆ ನಾದವನ್ನು ಸಾಗಿಸುವುದಿಲ್ಲ. ನುಡಿಸುವವರ ಕೈ ಏನು ಮಾಡಿತು ಎಂಬ ವರದಿಯನ್ನಷ್ಟೇ ಸಾಗಿಸುತ್ತದೆ.

ಕೈಚಳಕವನ್ನು ಬರೆದಿಡುವ ಆಸೆ ಹಳೆಯದು. ಕಾಗದದ ಸುರುಳಿಯ ರಂಧ್ರಗಳನ್ನು ಅನುಸರಿಸಿ ತಾನೇ ನುಡಿಯುವ ಪಿಯಾನೊಗಳು ಒಂದು ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಜನಪ್ರಿಯವಾಗಿದ್ದವು. ಆದರೆ ಸಾಧಾರಣ ಸುರುಳಿಗೆ ಸ್ವರ ಗೊತ್ತಿತ್ತು, ಅದರ ಭಾವ ಗೊತ್ತಿರಲಿಲ್ಲ. 1904ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ವೆಲ್ಟೆ ಸಂಸ್ಥೆ ‘ವೆಲ್ಟೆ–ಮಿನ್ಯೋನ್’ ಎಂಬ ವ್ಯವಸ್ಥೆಯನ್ನು ಹೊರತಂದಿತು. ಸ್ವರದ ಗಟ್ಟಿತನ, ಮೆಲುತನ ಹಾಗೂ ಪೆಡಲ್ ಬಳಕೆಯೂ ಆಗ ಸುರುಳಿಯ ಮೇಲೆ ಬಂದವು.

ಎಂಬತ್ತರ ದಶಕದ ಆರಂಭದಲ್ಲಿ ಸಮಸ್ಯೆ ಮತ್ತೊಂದು ರೂಪ ತಾಳಿತು. ಒಂದು ಕಂಪೆನಿಯ ಸಿಂಥಸೈಜರ್ ಇನ್ನೊಂದು ಕಂಪೆನಿಯದರೊಂದಿಗೆ ಸುಲಭವಾಗಿ ಕೂಡಿಕೊಳ್ಳುತ್ತಿರಲಿಲ್ಲ. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ ಡೇವ್ ಸ್ಮಿತ್ 1981ರಲ್ಲಿ ಸಾಮಾನ್ಯ ಸಂಪರ್ಕ ವ್ಯವಸ್ಥೆಯೊಂದನ್ನು ಪ್ರಸ್ತಾಪಿಸಿದರು. ಜಪಾನಿನ ರೋಲಂಡ್ ಸಂಸ್ಥಾಪಕ ಇಕುತಾರೊ ಕಕೆಹಾಶಿ ಕೈಜೋಡಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ನಡೆದ ವಾದ್ಯ ಮೇಳದಲ್ಲಿ, ಪೈಪೋಟಿಗಿಳಿದಿದ್ದ ಈ ಎರಡು ಸಂಸ್ಥೆಗಳ ವಾದ್ಯಗಳನ್ನು ಒಂದೇ ತಂತಿಯಿಂದ ಜೋಡಿಸಿ ನುಡಿಸಲಾಯಿತು. ಈ ಭಾಷೆಯ ಬಳಕೆಗೆ ರಾಯಧನವನ್ನೂ ಕೇಳಲಿಲ್ಲ. ಅದು ಬೇಗ ಹರಡಲು ಇದೇ ಮುಖ್ಯ ಕಾರಣ.

ಮಿಡಿಯಲ್ಲಿ ಕೀ ಒತ್ತಿದ್ದು, ಬಿಟ್ಟಿದ್ದು ಒಂದು ಬಗೆಯ ಸಂದೇಶ. ‘ಕಂಟ್ರೋಲರ್’ ಇನ್ನೊಂದು ಬಗೆಯದು. ಚಕ್ರ, ಗುಂಡಿ, ಪೆಡಲ್‌ಗಳ ಚಲನೆಯನ್ನು ಅದು ಅಂಕಿಯಾಗಿ ಹೇಳುತ್ತದೆ. 1ನೇ ಕಂಟ್ರೋಲರ್ ಮಾಡ್ಯುಲೇಷನ್ ಚಕ್ರಕ್ಕೆ, 7ನೆಯದು ಧ್ವನಿಯ ಪ್ರಮಾಣಕ್ಕೆ, 64ನೆಯದು ಸ್ವರ ಹಿಡಿದಿಡುವ ಪೆಡಲ್‌ಗೆ ಮೀಸಲು. ಬೆಲೆ ಮಾತ್ರ 0ಯಿಂದ 127ರವರೆಗೆ. ಒಟ್ಟು 128 ಮೆಟ್ಟಿಲು.

1999ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯ ವಿಎಸ್‌ಟಿ ತಂತ್ರಜ್ಞಾನದ ಎರಡನೆಯ ಆವೃತ್ತಿ ಬಂದಿತು. ಮಿಡಿ ಸಂದೇಶ ಪಡೆದು ನುಡಿಯುವ ವಾದ್ಯಗಳು ಅದರೊಂದಿಗೆ ಕಂಪ್ಯೂಟರಿನೊಳಗೇ ತಂತ್ರಾಂಶ ರೂಪದಲ್ಲಿ ನೆಲೆಗೊಂಡವು. ಇಂಥ ಪಿಟೀಲಿಗೆ ಕಮಾನೂ ಇಲ್ಲ, ತಂತಿಯೂ ಇಲ್ಲ. ಕಮಾನಿನ ಒತ್ತಡ ಏರುವುದನ್ನು, ಇಳಿಯುವುದನ್ನು ಪರದೆಯ ಮೇಲೆ ಗೆರೆಯಾಗಿ ಎಳೆದು ತೋರಿಸಬೇಕು. ಪ್ರತಿ ಬಾರಿ ಹಾಡು ನುಡಿದಾಗಲೂ ಕಂಪ್ಯೂಟರ್ ಆ ಗೆರೆಯನ್ನು ತಪ್ಪದೆ ಅನುಸರಿಸುತ್ತದೆ. ಇದೇ ‘ಆಟೊಮೇಷನ್’. ಗೆರೆ ಎಳೆಯದೆ ಬಿಟ್ಟರೆ ಇಡೀ ವಾದ್ಯವೃಂದ ಕಂಠಪಾಠ ಒಪ್ಪಿಸಿದಂತೆ ಕೇಳಿಸುತ್ತದೆ.

128 ಮೆಟ್ಟಿಲು ಸಾಕೇ? ನಿಧಾನವಾದ ಏರಿಕೆಯಲ್ಲಿ ಒಮ್ಮೊಮ್ಮೆ ಮೆಟ್ಟಿಲುಗಳೇ ಕಿವಿಗೆ ಬೀಳುತ್ತವೆ. ಸ್ವರವನ್ನು ಜಗ್ಗುವ ‘ಪಿಚ್ ಬೆಂಡ್’ ಸಂದೇಶಕ್ಕೆ 16,384 ಹಂತಗಳಿವೆಯಾದರೂ ಒಂದು ಚಾನೆಲ್‌ನ ಎಲ್ಲ ಸ್ವರಗಳೂ ಒಟ್ಟಿಗೇ ಜಗ್ಗುತ್ತವೆ. ಕರ್ನಾಟಕ ಸಂಗೀತಕ್ಕೆ ಇದು ದೊಡ್ಡ ತೊಡಕು. ಇಲ್ಲಿ ಗಮಕವೆಂಬುದು ಸ್ವರದ ಮೇಲಿನ ಅಲಂಕಾರವಷ್ಟೇ ಅಲ್ಲ, ರಾಗದ ಗುರುತೇ ಹೌದು. ಗಾಂಧಾರವನ್ನು ತೂಗಿದರೆ ಅದೇ ಚಾನೆಲ್‌ನಲ್ಲಿ ನಿಂತ ಷಡ್ಜವೂ ತೂಗಿಬಿಡುತ್ತದೆ! ಕೀಬೋರ್ಡನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಭಾಷೆಯ ಮಿತಿಯಿದು.

ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ಕೊಡುವ ‘ಎಂಪಿಇ’ 2018ರಲ್ಲಿ ಅಂಗೀಕೃತವಾಯಿತು. 2020ರ ‘ಮಿಡಿ 2.0’ ಕಂಟ್ರೋಲರ್‌ನ ಮೆಟ್ಟಿಲುಗಳನ್ನು 429 ಕೋಟಿಗೂ ಹೆಚ್ಚಿಸಿತು. ಸ್ಮಿತ್ ಮತ್ತು ಕಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. ಕಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ನಿಧನರಾದರು. ಅವರು ಕೊಟ್ಟ ಲಿಪಿ ಉಳಿದು ಬೆಳೆಯುತ್ತಿದೆ. ಆದರೆ ತೋಡಿಯ ಗಾಂಧಾರ ಎಷ್ಟು ತೂಗಬೇಕೆಂದು ಯಾವ ಅಂಕಿಯೂ ಹೇಳಲಾರದು. ಗೆರೆ ಎಳೆಯುವವರು ಅದನ್ನು ಗುರುಮುಖೇನ ಕೇಳಿಯೇ ಕಲಿಯಬೇಕು.