ಜೆನೆನ್‌ಟೆಕ್–ಲಿಲ್ಲಿ ಕರಾರು: 1978–1995

ಹೊಸದಾಗಿ ಹುಟ್ಟಿದ ಉದ್ಯಮವು ದೇಶದೇಶಗಳಲ್ಲಿ ವ್ಯಾಪಾರವುಳ್ಳ ಪ್ರಬಲ ಕಂಪೆನಿಯೊಡನೆ ಕೂಡಿದಾಗ ವಿಶ್ವಾಸವು ಎಷ್ಟರಮಟ್ಟಿಗೆ ಬರಹದಲ್ಲಿ ಅಡಗಬಲ್ಲದೆಂಬುದಕ್ಕೆ ಅಮೆರಿಕದ ಜೆನೆನ್‌ಟೆಕ್ ಮತ್ತು ಇಲೈ ಲಿಲ್ಲಿ ಕಂಪೆನಿಗಳ ಸಂಬಂಧವು ವಿಚಾರಾರ್ಹವಾದ ನಿದರ್ಶನವಾಗಿದೆ.

ಇಂಡಿಯಾನಾಪೊಲಿಸ್ ನಗರದ ಲಿಲ್ಲಿಯು 1876ರಲ್ಲಿ ಸ್ಥಾಪಿತವಾಗಿ, 1923ರಿಂದ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದು ಮಾರುತ್ತಿದ್ದಿತು. ಅದಕ್ಕಿಂತ ಸರಿಯಾಗಿ ಒಂದು ಶತಮಾನ ಕಿರಿಯದಾದ ಜೆನೆನ್‌ಟೆಕ್ಕನ್ನು ರಾಬರ್ಟ್ ಸ್ವಾನ್ಸನ್ ಎಂಬ ಬಂಡವಾಳ ವ್ಯವಹಾರಸ್ಥನೂ ಹರ್ಬರ್ಟ್ ಬಾಯರ್ ಎಂಬ ಪ್ರಾಧ್ಯಾಪಕನೂ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದರು. ಬ್ಯಾಕ್ಟೀರಿಯಾಗಳ ಆನುವಂಶಿಕ ದ್ರವ್ಯವನ್ನು ಮಾರ್ಪಡಿಸಿ ಅವುಗಳಿಂದ ಮಾನವದೇಹದ ಹಾರ್ಮೋನುಗಳನ್ನು ಪಡೆಯುವ ವಿದ್ಯೆಯೊಂದೇ ಅದರ ಮೂಲಧನ. ಮಾರತಕ್ಕ ಪದಾರ್ಥವೊಂದೂ ಇರಲಿಲ್ಲ.

1978ರ ಆಗಸ್ಟಿನಲ್ಲಿ ಜೆನೆನ್‌ಟೆಕ್ಕಿನ ಸಂಶೋಧಕರು ಸಿಟಿ ಆಫ್ ಹೋಪ್ ಸಂಸ್ಥೆಯವರೊಡಗೂಡಿ ಈ ಕ್ರಮದಿಂದ ಮಾನವ ಇನ್ಸುಲಿನ್ ಪಡೆದರು. ಆ ತಿಂಗಳಲ್ಲಿಯೇ ಕರಾರಾಯಿತು. ಲಿಲ್ಲಿಯು ಅದೇ ಕಾರ್ಯದಲ್ಲಿದ್ದ ಬೇರೊಂದು ವಿಶ್ವವಿದ್ಯಾಲಯದ ಗುಂಪಿಗೂ ಧನಸಹಾಯ ಮಾಡುತ್ತಿದ್ದಿತು. ಒಬ್ಬರನ್ನೇ ನಂಬಿ ಕುಳಿತಿರಲಿಲ್ಲ. ಕಿರಿಯ ಪಕ್ಷದ ಭೀತಿಯಾದರೋ ಬೇರೆ ಬಗೆಯದು. ಬ್ಯಾಕ್ಟೀರಿಯಾವನ್ನು ಒಮ್ಮೆ ಲಿಲ್ಲಿಯ ಪ್ರಯೋಗಶಾಲೆಗೆ ಒಪ್ಪಿಸಿದ ಮೇಲೆ ಅದರೊಡನೆ ವಿದ್ಯೆಯೂ ಹೋಯಿತೆಂದೇ ಅರ್ಥ, ಅದನ್ನು ಕಾಯುವವರಾರು? ಆದುದರಿಂದ ಆ ಬ್ಯಾಕ್ಟೀರಿಯಾಗಳನ್ನು ಇನ್ಸುಲಿನ್ನಿಗಲ್ಲದೆ ಮತ್ತಾವುದಕ್ಕೂ ಬಳಸಕೂಡದೆಂಬ ನಿಬಂಧನೆಯನ್ನು ಕರಾರಿನಲ್ಲಿ ಸೇರಿಸಲಾಯಿತು. ಸ್ವಾನ್ಸನ್ನನ ದೂರದೃಷ್ಟಿಯನ್ನು ಇಲ್ಲಿ ಮೆಚ್ಚಬೇಕು.

ಇನ್ಸುಲಿನ್ನಿನ ಮಟ್ಟಿಗೆ ಸಹಯೋಗವು ಸಫಲವಾಯಿತು. 1982ರ ಅಕ್ಟೋಬರಿನಲ್ಲಿ ‘ಹ್ಯೂಮುಲಿನ್’ ಸರಕಾರದ ಅನುಮತಿಯನ್ನು ಪಡೆಯಿತು. ವಿರಸವು ಹುಟ್ಟಿದುದು ಬೆಳವಣಿಗೆಯ ಹಾರ್ಮೋನಿನ ವಿಷಯದಲ್ಲಿ. ಇನ್ಸುಲಿನ್ನನ್ನು ಪರರ ಮೂಲಕ ಮಾರಿ ರಾಜಧನವನ್ನಷ್ಟೇ ಪಡೆಯುತ್ತಿದ್ದ ಜೆನೆನ್‌ಟೆಕ್, 1985ರಲ್ಲಿ ‘ಪ್ರೊಟ್ರೋಪಿನ್’ ಎಂಬ ಆ ಹಾರ್ಮೋನನ್ನು ಮೊದಲ ಬಾರಿಗೆ ತಾನೇ ಮಾರಲಾರಂಭಿಸಿತು. ಅದರ ಸ್ವತಂತ್ರ ಬದುಕೆಲ್ಲ ಇದನ್ನೇ ಅವಲಂಬಿಸಿದ್ದಿತು. 1987ರಲ್ಲಿ ಲಿಲ್ಲಿಯೂ ಅಂಥದೇ ಔಷಧಕ್ಕೆ ಅನುಮತಿ ಪಡೆಯಿತು. ಇನ್ಸುಲಿನ್ನಿಗೆಂದು ಕೊಟ್ಟ ಸಾಮಗ್ರಿಯನ್ನು ಲಿಲ್ಲಿಯು ಇದಕ್ಕೂ ಬಳಸಿತೆಂದು ಜೆನೆನ್‌ಟೆಕ್ ದಾವೆ ಹೂಡಿತು. ಹಳೆಯ ನಿಬಂಧನೆ ಇಲ್ಲದಿದ್ದರೆ ಆ ಆಕ್ಷೇಪಕ್ಕೆ ಬಹುಮಟ್ಟಿಗೆ ಆಧಾರವೇ ಇರುತ್ತಿರಲಿಲ್ಲ. ಆದರೂ ಬರಹವು ವ್ಯಾಜ್ಯಕ್ಕೆ ಆಧಾರವನ್ನು ಕೊಟ್ಟಿತೇ ಹೊರತು ವ್ಯಾಜ್ಯವನ್ನು ತಪ್ಪಿಸಲಿಲ್ಲ. 1995ರಲ್ಲಿ ಲಿಲ್ಲಿಯು 14.5 ಕೋಟಿ ಡಾಲರುಗಳನ್ನು ಕೊಡಲೊಪ್ಪಿದ ಮೇಲೆ ರಾಜಿಯಾಯಿತು. ಈ ಎಂಟು ವರ್ಷಗಳ ಕಲಹದ ನಡುವೆಯೂ ಹ್ಯೂಮುಲಿನ್ನಿನ ಮಾರಾಟ ನಿಂತಿರಲಿಲ್ಲ.